ಮೂಳೆಯ ಗಾಳ

ಧ್ಯಾನ ಶಿಬಿರಕ್ಕೆ ಭಾಷಾ ಪ್ರಾಧ್ಯಾಪಕನಾದ ನನ್ನನ್ನು ಕರೆಸಿದ್ದು 'ಮನಾ' ಎಂಬ ಪದದ ಹುಟ್ಟು ಹೇಳಲು. ಪಾಲಿನೇಷ್ಯದ ದ್ವೀಪಗಳ ಜನ ದೈವಶಕ್ತಿಗೆ ಇಟ್ಟ ಹೆಸರದು. ಮೊದಮೊದಲು ಗಾಳಿ, ಗುಡುಗಿನ ಬಲಕ್ಕೆ ಹಾಗೆನ್ನುತ್ತಿದ್ದಿರಬಹುದು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ರೇಷ್ಮೆ ಜುಬ್ಬದ ಗುರುಗಳ ಮುಂದೆ ಸಾಲಾಗಿ ನಿಂತು, ಅವರ ಕೊರಳಲ್ಲಿದ್ದ ಮೂಳೆಯ ಮೀನುಗಾಳಕ್ಕೆ ಮುತ್ತಿಡುತ್ತಿದ್ದರು. ಒಬ್ಬರ ಎಂಜಲು ಇನ್ನೊಬ್ಬರ ತುಟಿಗೆ ಅಂಟುತ್ತಿತ್ತು.

"ದ್ವೀಪದಿಂದಲೇ ತರಿಸಿದ್ದು. ತುಟಿ ತಾಗಿದ್ರೆ ಸಾಕು, ಮನಾ ಒಳಗೆ ಇಳಿಯತ್ತೆ," ಎನ್ನುತ್ತಿದ್ದರು ಗುರುಗಳು.

ಮುತ್ತಿಟ್ಟು ಬಂದ ಹೆಂಗಸೊಬ್ಬಳು ನನ್ನನ್ನು ಕೇಳಿದಳು. "ಅದು ಯಾವ ಪ್ರಾಣಿ ಮೂಳೆ ಸಾರ್?"

ಗಾಳದ ಜೊತೆ ಬಂದ ಚೀಟಿಯನ್ನು ಗುರುಗಳು ಬೆಳಿಗ್ಗೆ ನನ್ನಿಂದಲೇ ಓದಿಸಿದ್ದರು. ತಡೆಯಲಾಗಲಿಲ್ಲ, ಮೈಕ್ ಕಿತ್ತುಕೊಂಡೆ.

"ಪ್ರಾಣಿದಲ್ಲಮ್ಮ, ಮನುಷ್ಯಂದು! ಸೋತ ಶತ್ರುವಿನ ಮೂಳೆಯಲ್ಲಿ ಗಾಳ ಮಾಡಿ ಮೀನು ಹಿಡೀತಿದ್ರು, ಅವನ ಮನಾ ಪೂರ್ತಿ ಹಾಳಾಗ್ಲಿ ಅಂತ. ನೀವು ಮುತ್ತಿಟ್ಟಿದ್ದು ಹೆಣದ ತೊಡೆಮೂಳೆಗೆ!"

ಗುರುಗಳ ಮುಖ ಬಿಳಿಚಿಕೊಂಡಿತು.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ಹಾಗಾದ್ರೆ ಒರಿಜಿನಲ್ಲೇ ಅನ್ನಿ," ಎಂದು ಮತ್ತೆ ಸಾಲಿಗೆ ಹೋಗಿ ನಿಂತಳು.