ಮೂರು ಆಂಪ್ಲಿಫೈಯರ್, ಒಂದು ಗುಂಯ್

"ಇದಾ ನಿನ್ನ ಹೊಸ ಪೆಡಲ್ಲು? ತಗಡು ಕೆರೆದ ಹಾಗಿದೆಯಲ್ಲಯ್ಯ!" ಮನೆಯ ಕೆಳಗಿನ ಕೋಣೆಯಲ್ಲಿ ಡ್ರಮ್ಮಿನ ಹಿಂದೆ ಕೂತಿದ್ದ ಭಾವ ಮುಖ ಸಿಂಡರಿಸಿದರು.

ಕನ್ನಡಕದವನು ಗಿಟಾರಿನಿಂದ ಕೈ ತೆಗೆದ. ದಿನವಿಡೀ ಅಂಗಡಿಯಲ್ಲಿ ಊರಿನವರ ಮೂಗಿಗೆ ಫ್ರೇಮು ಹೊಂದಿಸುವ ಅವನಿಗೆ ಗಿಟಾರೆಂದರೆ ಪ್ರಾಣ. ಭಾವನ ಬ್ಯಾಂಡಿನಲ್ಲಿ ಜಾಗ ಉಳಿಯಬೇಕಾದರೆ ಭಾನುವಾರದ ಕಾರ್ಯಕ್ರಮದೊಳಗೆ ಅವನ ಸದ್ದು ಸುಧಾರಿಸಬೇಕಿತ್ತು. ಅದಕ್ಕೇ ಈ ಟ್ಯೂಬ್ ಪೆಡಲ್ ತಂದಿದ್ದ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ, ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೊಂದು ಗಾಜಿನ ಟ್ಯೂಬು. ಹಳೇ ರೇಡಿಯೋಗಳಲ್ಲಿ ಇರುತ್ತಿತ್ತಲ್ಲ, ಅಂಥದ್ದು. ಅದು ಕಾದರೆ ಸ್ವರ ಬೆಚ್ಚಗಾಗುತ್ತದಂತೆ.

"ತಪ್ಪು ಪೆಡಲ್ಲಿಂದಲ್ಲ ಭಾವ, ಈ ಪುಟಾಣಿ ಆಂಪಿಂದು" ಎಂದು ವೈರು ಕಿತ್ತು ಎರಡನೆಯ ಆಂಪಿಗೆ ಸಿಕ್ಕಿಸಿದ. ಈಗ ಗಿಟಾರು ಕಂಬಳಿಯೊಳಗಿಂದ ಮಾತಾಡುವ ನೆಗಡಿಯವನ ಹಾಗೆ ಗೊಣಗಿತು. ತಿರುಪುಗಳನ್ನೆಲ್ಲ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ನೆಗಡಿ ಹೋಗಿ ಕೆಮ್ಮು ಬಂತು. ಮಹಡಿಯ ಮೇಲೆ ಅಕ್ಕನ ಮೂರು ತಿಂಗಳ ಮಗು ಕಿಟಾರನೆ ಕಿರುಚಿಕೊಂಡಿತು. ಹತ್ತು ದಿನದಿಂದ ಆ ಕೂಸು ಅತ್ತೂ ಅತ್ತೂ ಮನೆಮಂದಿಯ ನಿದ್ದೆಯನ್ನೆಲ್ಲ ನುಂಗಿ ನೀರು ಕುಡಿದಿತ್ತು. ಭಾವನ ಕಣ್ಣು ಕೆಂಡವಾಗಿದ್ದುದೂ ಅದಕ್ಕೇ.

ಉಳಿದದ್ದು ಮೂಲೆಯ ದೊಡ್ಡ ಆಂಪು. ಗಾತ್ರದಲ್ಲಿ ಫ್ರಿಜ್ಜಿನ ತಮ್ಮ. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಎಳೆದು ತಂದರು. "ಟ್ಯೂಬು ಕಾಯಲಿ ಭಾವ, ಒಂದೇ ನಿಮಿಷ" ಎಂದು ಕನ್ನಡಕದವನು ತಂತಿಗಳ ಮೇಲೆ ಅಂಗೈ ಇಟ್ಟುಕೊಂಡ. ಆಂಪಿನಿಂದ ಗುಂಯ್... ಎಂದು ಮಂದ್ರದಲ್ಲೊಂದು ಸದ್ದು ಹೊರಟಿತು. ಗೋಡೆ, ನೆಲ, ಭಾವನ ಕೆಳದವಡೆ ಎಲ್ಲ ಮೆಲ್ಲಗೆ ಅದುರಿದವು. ಮೇಲೆ ಮಗು ಗಪ್‌ಚಿಪ್.

ಕನ್ನಡಕದವನು ಹುರುಪಿನಿಂದ ತಂತಿ ಮೀಟಿದ. ಮಗು ಅತ್ತಿತು. ತಂತಿಗಳ ಮೇಲೆ ಅಂಗೈ ಒತ್ತಿದ. ಮತ್ತೆ ಗುಂಯ್, ಮಗು ಸುಮ್ಮನಾಯಿತು. ಅನುಮಾನ ಬಂದು ಇನ್ನೊಮ್ಮೆ ಮೀಟಿದ್ದೇ ತಡ, ಅಕ್ಕ ಒಂಟಿ ಚಪ್ಪಲಿಯಲ್ಲಿ ಮೆಟ್ಟಿಲಿಳಿದು ಬಂದಳು.

"ಏನೋ ಮಾಡ್ತಿದ್ದೆ, ಈಗ ತಾನೆ?"

"ಏನೂ ಇಲ್ಲಕ್ಕ... ಇನ್ನೂ ನುಡಿಸೋಕೇ ಶುರು ಮಾಡಿಲ್ಲ."

"ಅದನ್ನೇ ಮಾಡು! ಆ ತಂತಿ ಮೀಟಿದೆಯೋ, ಕೈ ಮುರಿದು ಹಾಕ್ತೀನಿ."

ಅಂಗೈ ತೆಗೆದರೆ ಗುಂಯ್ ಹೋಗಿ ಕೀರಲು ಸದ್ದು ಏಳುತ್ತಿತ್ತು. ಹಾಗಾಗಿ ಕನ್ನಡಕದವನು ಎರಡು ಗಂಟೆ ಕಾಲ ಗಿಟಾರನ್ನು ಅಪ್ಪಿಕೊಂಡು ಕಲ್ಲಾಗಿ ಕೂತ. ಮೂಗು ತುರಿಸಿದಾಗ ಗಿಟಾರಿನ ಕತ್ತಿಗೇ ಉಜ್ಜಿಕೊಂಡ. ಅಕ್ಕ ಬರುವ ಮೊದಲೇ ಡ್ರಮ್ಮಿಗೆ ಕೆನ್ನೆಯಾನಿಸಿದ್ದ ಭಾವ ಗೊರಕೆ ಹೊಡೆಯುತ್ತಿದ್ದರು. ಎಚ್ಚರವಾದಾಗ ಅವರ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

"ಇದು ಕಣಯ್ಯ ಸದ್ದು ಅಂದ್ರೆ! ಭಾನುವಾರ ಇದನ್ನೇ ನುಡಿಸು. ನಿನ್ನ ಜಾಗ ಗಟ್ಟಿ."

ತಾನು ನುಡಿಸೇ ಇಲ್ಲ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡ.

ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದಂತೆ ಅಕ್ಕನ ಪಕ್ಕದ ಮನೆಯಾಕೆ ಎದುರಿಗೆ ನಿಂತಿದ್ದಳು. ಕಣ್ಣ ಸುತ್ತ ಕಪ್ಪು, ಎರಡು ಕಂಕುಳಲ್ಲಿ ಎರಡು ಕೂಸು, ಎರಡಕ್ಕೂ ಒಂದೇ ರಾಗ.

"ಬನ್ನಿ, ಕಣ್ಣು ಪರೀಕ್ಷೆ ಮಾಡೋಣ" ಎಂದು ಕನ್ನಡಕದವನು ಕುರ್ಚಿ ಎಳೆದ.

"ಅದಕ್ಕಲ್ಲ ಬಂದದ್ದು. ನಿಮ್ಮಕ್ಕ ಎಲ್ಲಾ ಹೇಳಿದ್ರು" ಎಂದಳು ಆಕೆ, ದನಿ ತಗ್ಗಿಸಿ. "ನಮ್ಮನೆಗೂ ಬಂದು ಒಂದು ಗಂಟೆ ನುಡಿಸದೇ ಇರ್ತೀರಾ?"