ಮಂಚದ ಮೇಲೆ ಮಲಗಿದವನು

"ಇದು ಬಲಿಪೀಠ ಅಲ್ಲ," ಎಂದರು ಸಯೀದ್ ಮೇಷ್ಟ್ರು, ಪುಸ್ತಕವನ್ನು ಕಿಟಕಿಯ ಕಡೆ ತಿರುಗಿಸಿ. "ಹೆಣ ಮಲಗಿಸುವ ಮಂಚ. ನಮ್ಮ ಕಡೆಯ ಗೋರಿಗಳ ಗೋಡೆಯಲ್ಲಿ ಇಂಥ ಚಿತ್ರ ಬೇಕಾದಷ್ಟಿವೆ."

ಪ್ಯಾಟ್ರಿಷಿಯಾ ಗಂಡನ ಮುಖ ನೋಡಿದಳು. ಎಡ್ವರ್ಡ್ ಹಲ್ಲು ಕಚ್ಚಿ ಕುಳಿತಿದ್ದ. ಶುಕ್ರವಾರದ ನಮಾಜು ಮುಗಿಸಿ ಹೋಗುತ್ತಿದ್ದ ಈಜಿಪ್ಟಿನವರಾದ ನೆರೆಮನೆಯ ಚರಿತ್ರೆ ಮೇಷ್ಟ್ರನ್ನು ಚಹಾದ ನೆಪದಲ್ಲಿ ಒಳಗೆ ಕರೆದವಳು ಅವಳೇ. ಗಂಡ ಕಪಾಟಿನಲ್ಲಿ ಬಟ್ಟೆಯಡಿ ಅಡಗಿಸಿಟ್ಟಿದ್ದ ಪುಸ್ತಕವನ್ನು ತಂದು ಅವರ ಮುಂದಿಟ್ಟವಳೂ ಅವಳೇ. ಅದು ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಪಂಗಡದವರ ಧರ್ಮಗ್ರಂಥ. ಎಡ್ವರ್ಡ್‌ನ ಕಂಪೆನಿಯ ಅಮೆರಿಕನ್ ಸಾಹೇಬ ಕೊಟ್ಟದ್ದು. ಸಂಜೆ ಅದೇ ಸಾಹೇಬ, ಅವರಿದ್ದ ಗಲ್ಫಿನ ಊರು ದುಖಾನಿನ ಕಡಲಿನಲ್ಲಿ, ಯಾರೂ ಇಲ್ಲದ ಕಡೆ, ಎಡ್ವರ್ಡ್‌ನನ್ನು ಮುಳುಗಿಸಿ ತನ್ನ ಪಂಗಡಕ್ಕೆ ಸೇರಿಸಿಕೊಳ್ಳುವವನಿದ್ದ. ಹುಟ್ಟಿದ ತಿಂಗಳಲ್ಲೇ ಮಂಗಳೂರಿನ ಇಗರ್ಜಿಯಲ್ಲಿ ಹಣೆಗೆ ನೀರು ಹಾಕಿ ಮಾಡಿದ್ದ ಜ್ಞಾನಸ್ನಾನ ಆ ಪಂಗಡದ ಲೆಕ್ಕಕ್ಕಿಲ್ಲ. ಈ ದೇಶದಲ್ಲಿ ಅಂಥದ್ದಕ್ಕೆ ಅನುಮತಿ ಇಲ್ಲ, ಸುದ್ದಿ ಹೊರಗೆ ಬಿದ್ದರೆ ಗಂಡ ಹೆಂಡತಿ ಇಬ್ಬರ ವೀಸಾವೂ ಖಲಾಸ್.

ಹಣೆಗೆ ನೀರು ಬೀಳದೇ ಹೋದದ್ದು ಅವರ ಮಗುವಿಗೆ. ಗಲ್ಫಿನಲ್ಲಿರುವ ನಮ್ಮವರದ್ದು ಒಂದು ಹುಚ್ಚು: ಮಗು ಇಲ್ಲಿ ಹುಟ್ಟಿದರೂ ಜ್ಞಾನಸ್ನಾನ ಮಾತ್ರ ರಜೆಗೆ ಊರಿಗೆ ಹೋದಾಗಲೇ ಆಗಬೇಕು, ಹಾಲ್ ಬುಕ್ ಮಾಡಿ, ಬ್ಯಾಂಡ್ ತರಿಸಿ, ಊರಿಗೆಲ್ಲ ಊಟ ಹಾಕಿ. ಹಾಗೇ ಆಗಲಿ ಎಂದು ಹಟ ಹಿಡಿದವಳು ಪ್ಯಾಟ್ರಿಷಿಯಾ. ಮಗುವಿಗೆ ಜ್ವರ ಬಂತು. ದೋಹಾದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಅವಳ ಮಡಿಲಲ್ಲಿ ತಣ್ಣಗಾಯಿತು. ಕಾರಿನಲ್ಲಿ ನೀರಿನ ಬಾಟಲಿ ಇತ್ತು. ಅಂಥ ಹೊತ್ತಿನಲ್ಲಿ ಪಾದ್ರಿಗಳೇ ಬೇಕೆಂದಿಲ್ಲ, ಹೆತ್ತ ತಾಯಿಯೇ ನಾಲ್ಕು ಹನಿ ಹಾಕಿ ಪ್ರಾರ್ಥನೆ ಹೇಳಿದರೆ ಸಾಕು. ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದು ಅವಳಿಗೆ ನೆನಪಾದದ್ದು ಮಗುವನ್ನು ಮಣ್ಣು ಮಾಡಿದ ಮೇಲೆ. ಜ್ಞಾನಸ್ನಾನ ಆಗದ ಕೂಸು ಸ್ವರ್ಗದ ಒಳಗೆ ಹೋಗುವುದಿಲ್ಲ, ಬಾಗಿಲ ಹೊರಗೇ ಉಳಿಯುತ್ತದೆ ಎಂದು ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದ್ದರು. ಊರಿಂದ ಫೋನಿನಲ್ಲಿ ಅತ್ತೆಯೂ ಅದನ್ನೇ ಹೇಳಿ ಅತ್ತಿದ್ದರು.

"ಸರ್, ಸರಿಯಾಗಿ ಹೇಳಿ," ಎಂದಳು ಪ್ಯಾಟ್ರಿಷಿಯಾ. "ಮಲಗಿದವನು ಪ್ರವಾದಿ ಅಬ್ರಹಾಂ, ಚೂರಿ ಹಿಡಿದವನು ಅವನನ್ನು ಬಲಿ ಕೊಡುವ ಪೂಜಾರಿ, ಮೇಲಿನ ಹಕ್ಕಿ ದೇವದೂತ. ಇಲ್ಲಿ ಹಾಗೆ ಬರೆದದ್ದುಂಟು."

"ಯಾರು ಬರೆದರೋ!" ಮೇಷ್ಟ್ರ ದನಿ ಏರಿತು. "ಮಲಗಿದವನು ಒಸಿರಿಸ್, ಹಳೆಯ ಕಾಲದವರ ದೇವರು. ನಿಂತವನು ಹೆಣದ ಸಂಸ್ಕಾರ ಮಾಡುವ ದೇವರು. ಅವನಿಗೆ ನರಿಯ ತಲೆ ಇರಬೇಕಿತ್ತು, ಇಲ್ಲಿ ಮನುಷ್ಯನ ತಲೆ ಇದೆ. ಕೆಳಗೆ ನಾಲ್ಕು ಜಾಡಿ ನೋಡಿ, ಸತ್ತವನ ಕರುಳು, ಶ್ವಾಸಕೋಶ ತೆಗೆದು ಇಡುವುದಕ್ಕೆ. ಇಬ್ರಾಹಿಂ ನಮಗೂ ಪ್ರವಾದಿ. ಅವರ ಹೆಸರನ್ನು ತಂದು ಈ ಹೆಣಕ್ಕೆ ಇಡುವುದೇ?"

"ಮೂಲ ಕಾಗದ ಆ ತಲೆಯ ಹತ್ತಿರ ಹರಿದಿತ್ತಂತೆ," ಎಂದ ಎಡ್ವರ್ಡ್. "ಒಂದೇ ಚಿತ್ರಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅರ್ಥ ಇರ್ತದೆ ಅಂತ ಸಾಹೇಬರು ಹೇಳಿದ್ದಾರೆ. ನೀವು ಅವನ ಕಾಲು ನೋಡಿ. ಎತ್ತಿದ್ದಾನೆ. ಸತ್ತವನು ಕಾಲೆತ್ತುತ್ತಾನಾ?"

"ಒಸಿರಿಸ್ ಸತ್ತು ಮತ್ತೆ ಎದ್ದ ಅಂತ ಹಳಬರ ನಂಬಿಕೆ. ಅದಕ್ಕೇ ಕಾಲೆತ್ತಿದ್ದಾನೆ. ಹಾಗೆಂದು ಅವನು ಇಬ್ರಾಹಿಂ ಆಗುವುದಿಲ್ಲ." ಮೇಷ್ಟ್ರು ಪುಸ್ತಕ ಮುಚ್ಚಿ, ಚಹಾದ ಲೋಟ ಅದರ ಪಕ್ಕಕ್ಕಿಟ್ಟು ಎದ್ದರು. "ಇಂಥ ಪುಸ್ತಕ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಡ್ವರ್ಡ್. ನಾನು ಯಾರಿಗೂ ಹೇಳುವುದಿಲ್ಲ. ಎಲ್ಲರೂ ನನ್ನ ಹಾಗೆ ಇರುವುದಿಲ್ಲ."

ಅವರು ಹೊರಗೆ ಹೋದದ್ದೇ ಪ್ಯಾಟ್ರಿಷಿಯಾ ಗಂಡನ ಎದುರು ಬಂದು ನಿಂತಳು. ಎಷ್ಟೋ ವಾರಗಳಿಂದ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು. "ಈಗ ಗೊತ್ತಾಯ್ತಲ್ಲ? ಒಂದು ಚಿತ್ರ ಸರಿಯಾಗಿ ಓದಲಿಕ್ಕೆ ಬರುವುದಿಲ್ಲ ನಿಮ್ಮ ಪುಸ್ತಕಕ್ಕೆ. ಇದನ್ನು ನಂಬಿ ಅಪ್ಪ ಅಮ್ಮ ಕೊಟ್ಟ ಧರ್ಮ ಬಿಡುವುದಾ? ಕೆಲಸ ಹೋದರೆ ಎಂತ ಮಾಡುವುದು? ಸಂಜೆ ನೀವು ಎಲ್ಲಿಗೂ ಹೋಗುವುದು ಬೇಡ."

"ಇಲ್ಲ, ಹೋಗುವುದಿಲ್ಲ," ಎಂದ ಎಡ್ವರ್ಡ್. ಇಷ್ಟು ಬೇಗ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ.

"ನಿಜವಾಗಿ?"

"ಹ್ಞೂಂ. ನೀನು ಹೇಳಿದ್ದು ಸರಿ. ಚಿತ್ರವೇ ಸುಳ್ಳಾದರೆ ಪುಸ್ತಕದ್ದೆಲ್ಲ ಸುಳ್ಳೇ." ಅವನು ತಲೆ ಎತ್ತಲಿಲ್ಲ. "ನನಗೆ ಅಬ್ರಹಾಂ ಯಾಕೆ ಮಾರಾಯ್ತಿ? ಅವರ ನಂಬಿಕೆಯಲ್ಲಿ ಸಣ್ಣ ಮಕ್ಕಳಿಗೆ ಜ್ಞಾನಸ್ನಾನವೇ ಬೇಡ, ಸತ್ತ ಕೂಸು ನೇರ ದೇವರ ಹತ್ತಿರವೇ ಹೋಗ್ತದೆ ಅಂತ ಸಾಹೇಬರು ಹೇಳಿದರು. ಅದೊಂದೇ ಮಾತು ನಾನು ಹಿಡಿದುಕೊಂಡದ್ದು. ಈಗ ಅದೂ ಸುಳ್ಳು ಅಂತ ಆಯ್ತಲ್ಲ. ಹಾಗಾದರೆ ನಮ್ಮ ಪಾಪು ಎಲ್ಲಿದೆ, ನೀನೇ ಹೇಳು ಪ್ಯಾಟಿ."

ಪ್ಯಾಟ್ರಿಷಿಯಾಳಲ್ಲಿ ಗೆದ್ದೆನೆಂಬ ಬಿಸಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಗಂಡನ ಮೇಲೆ ಸಿಟ್ಟು ಬಂತು, ಮೇಷ್ಟ್ರ ಮೇಲೆ ಬಂತು, ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಅವಳು ಪುಸ್ತಕವನ್ನು ಬಾಚಿಕೊಂಡು ಬಾಗಿಲು ತೆರೆದಳು. "ಏಯ್, ಹೊರಗೆ ಒಯ್ಯಬೇಡ, ಯಾರಾದರೂ ನೋಡ್ತಾರೆ!" ಎಂದು ಎಡ್ವರ್ಡ್ ಕೂಗಿದ.

ಸಯೀದ್ ಮೇಷ್ಟ್ರು ತಮ್ಮ ಮನೆಯ ಗೇಟಿನವರೆಗೆ ಹೋಗಿದ್ದರು. ಸುಡುವ ಬಿಸಿಲಿನಲ್ಲಿ, ಚಪ್ಪಲಿ ಇಲ್ಲದ ಕಾಲಿನಲ್ಲಿ, ನಡುಬೀದಿಯಲ್ಲಿ ಪುಸ್ತಕದ ಅದೇ ಪುಟವನ್ನು ಬಿಡಿಸಿ ಹಿಡಿದು ಅವಳು ಅವರ ಮುಂದೆ ನಿಂತಳು.

"ಸರ್, ಇನ್ನೊಂದು ಸಲ ನೋಡಿ ಸರ್. ಒಳಗೆ ಬೆಳಕು ಕಡಿಮೆ ಇತ್ತು."