ತುರಿಸದ ಬೆರಳು

ಆ ಊರಿನ ಮತದಾನದ ಶಾಯಿ ಹೊಸ ನಮೂನೆಯದು. ಗೆದ್ದ ಪಕ್ಷದವರು ಬಾಗಿಲು ಹಾಕಿಕೊಂಡು ಸಭೆ ನಡೆಸಿದಾಗಲೆಲ್ಲ, ಅವರಿಗೆ ಓಟು ಹಾಕಿದವರ ಎಡಗೈ ತೋರುಬೆರಳು ತುರಿಸುತ್ತಿತ್ತು. ಇವತ್ತು ಪುರಸಭೆಯ ಬಾಗಿಲು ಬೆಳಗಿನಿಂದ ತೆರೆದೇ ಇರಲಿಲ್ಲ. ಹೊರಗೆ ನಿಂತ ಇಡೀ ವಾರ್ಡು ಪರಪರ ಕೆರೆದುಕೊಳ್ಳುತ್ತಿತ್ತು.

“ಊರ ಕೆರಿ ಜಾಗ ಯಾರಿಗಿ ಬರದು ಕೊಡಾಕತ್ತಾರೋ ಏನೋ!” ಎಂದು ನೀಲವ್ವನ ಗಂಡ ಬೆರಳನ್ನು ಗೋಡೆಗೆ ಉಜ್ಜಿದ. “ಇಪ್ಪತ್ತು ವರ್ಸ ಅದೇ ಪಕ್ಷದ ಬಾವುಟ ಹಿಡದೀ, ನೀನರ ಕೇಳಬಾರದೇನು?”

ನೀಲವ್ವ ನಿಂತಲ್ಲಿ ನಿಲ್ಲಲಾರದೆ ಚಡಪಡಿಸಿದಳು. ಅವಳ ಬೆರಳು ಒಮ್ಮೆಯೂ ತುರಿಸಿರಲಿಲ್ಲ. ಅಷ್ಟರಲ್ಲಿ ಪಕ್ಷದ ವಾರ್ಡ್ ಅಧ್ಯಕ್ಷ ವೀರಭದ್ರಪ್ಪ ಎದುರಿಗೇ ಬಂದ. ಅವಳು ಗಡಬಡಿಸಿ ರಕ್ತ ಬರುವಂತೆ ಕೆರೆದುಕೊಂಡಳು.

“ನಿನಗೂ ತುರಸ್ತೈತೇನವ್ವಾ?”

“ಸುಡಾಕತ್ತೈತ್ರೀ, ಸಾವ್ಕಾರ್ರ.”

“ನಂದೂ ಹಂಗ ಆಗೇತಿ ನೋಡು” ಎಂದ ವೀರಭದ್ರಪ್ಪ, ಶಾಯಿಯೇ ಇಲ್ಲದ ಬಲಗೈ ಬೆರಳನ್ನು ಜೋರಾಗಿ ಕೆರೆಯುತ್ತ.